ಕಟುಕ ವಿಂಕೊನ ಎದೆಯಲ್ಲಿ ಎರಡು ಗಂಟು

ಜೋಳದ ಹೊಲಗಳೆಲ್ಲ ಬರಿದಾಗಿ, ದಾರಿಯ ಕೆಸರು ಚಳಿಗೆ ಹೆಪ್ಪುಗಟ್ಟಿ ಬೂಟಿನ ಕೆಳಗೆ ಕರಕರ ಎನ್ನತೊಡಗಿದರೆ ಸ್ಲಾವೋನಿಯಾ ಸೀಮೆಯ ಊರುಗಳಲ್ಲಿ ಹಂದಿ ಕೊಯ್ಯುವ ಕಾಲ ಬಂತೆಂದೇ ಅರ್ಥ. ಆ ಶನಿವಾರ ಬೆಳಕು ಹರಿಯುವ ಹೊತ್ತಿಗೆ ಪಾವೊನ ಅಂಗಳದಲ್ಲಿ ದೊಡ್ಡ ಹಂಡೆಯ ನೀರು ಕುದಿಯುತ್ತಿತ್ತು. ಹೆಂಗಸರು ಬಾಗಿಲ ಬಳಿ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಗಂಡಸರು ಬಿಸಿನೀರು ಹೊಯ್ದು ಹಂದಿಯ ಕೂದಲು ಕೆರೆದು ಮುಗಿಸಿದ್ದರು. ಈಗ ಅದು ಹಿಂಗಾಲು ಮೇಲಾಗಿ ಮೂರು ಮರದ ಕಂಬ ಜೋಡಿಸಿದ ಮುಕ್ಕಾಲಿಗೆ ತೂಗುತ್ತ, ಆಗತಾನೇ ಕ್ಷೌರ ಮುಗಿಸಿಕೊಂಡ ಮದುಮಗನಂತೆ ನುಣ್ಣಗೆ ಬೆಳ್ಳಗೆ ಹೊಳೆಯುತ್ತಿತ್ತು.

ಮುಂದಿನ ಕೆಲಸ ವಿಂಕೊನದು. ಊರಿನ ಹಂದಿಗಳನ್ನು ಕೊಯ್ಯುವವನು ಅವನೇ, ಅವನಿಗಿಂತ ಮುಂಚೆ ಅವನ ಅಪ್ಪ. ಅರವತ್ತು ದಾಟಿದರೂ ತೋಳು ಹಾಗೇ ಇತ್ತು. ತುಟಿಯ ಮೂಲೆಯಲ್ಲಿ ಸಿಗರೇಟು ಅಂಟಿಕೊಂಡೇ ಇರುತ್ತಿತ್ತು. ಮಾತಾಡುವಾಗ ಅದು ಅಲ್ಲಾಡುತ್ತಿತ್ತೇ ಹೊರತು ಬೀಳುತ್ತಿರಲಿಲ್ಲ. ಅವನು ಚಾಕು ಮಸೆಯುತ್ತಿದ್ದಾಗ ಮನೆಮನೆಗೆ ಬರುವ ನರ್ಸ್ ದಾನಿತ್ಸಾಳ ಪುಟ್ಟ ಕಾರು ಗೇಟಿನ ಹೊರಗೆ ನಿಂತಿತು.

"ವಿಂಕೊ ಚಿಕ್ಕಪ್ಪ, ಒಂದ್ನಿಮಿಷ ಈ ಕಡೆ ಬರ್ತೀರಾ?"

"ಯಾಕೆ? ಇಲ್ಲೇ ಹೇಳಮ್ಮ. ಈ ಊರಲ್ಲಿ ಯಾರ ಗುಟ್ಟು ಯಾರಿಗೆ ಗೊತ್ತಿಲ್ಲ?"

"ಇದು ನಿಮ್ಮ ಸ್ಕ್ಯಾನಿನ ವಿಷಯ."

"ಹೇಳೇ, ಹೇಳು. ಪಾವೊಗೂ ಸ್ವಲ್ಪ ಮನರಂಜನೆ ಆಗ್ಲಿ."

ಬಹಳ ವರ್ಷ ಸೇದಿದವರ ಎದೆಯನ್ನು ಸ್ಕ್ಯಾನ್ ಮಾಡಿ ನೋಡುವ ಏರ್ಪಾಡು ಜಿಲ್ಲೆಯ ಆಸ್ಪತ್ರೆಯಲ್ಲಿತ್ತು. ಬೇಸಿಗೆಯಲ್ಲಿ ದಾನಿತ್ಸಾ ಹಠ ಹಿಡಿದು ವಿಂಕೊನ ಹೆಸರು ಬರೆಸಿದ್ದಳು. ಕೆಮ್ಮಿಲ್ಲ, ನೋವಿಲ್ಲ, ಹಂದಿಯಂಥ ಹಸಿವು ಇದೆ, ನನಗೇನಾಗಿದೆ ಎಂದು ಗೊಣಗುತ್ತಲೇ ಅವನು ಹೋಗಿ ಬಂದಿದ್ದ. ಏನೋ ಕಂಡಿತೆಂದು ಮೂರು ತಿಂಗಳು ಬಿಟ್ಟು ಮತ್ತೆ ಕರೆಸಿದ್ದರು.

ದಾನಿತ್ಸಾ ದನಿ ತಗ್ಗಿಸಿ ಹೇಳಿದಳು. ಶ್ವಾಸಕೋಶದಲ್ಲಿ ಬಲಗಡೆ ಒಂದು ಗಂಟು, ಎಡಗಡೆ ಒಂದು. ಎರಡೂ ಸಣ್ಣವು. ಆದರೆ ಬಲಗಡೆಯದು ಬೇಸಿಗೆಯಿಂದೀಚೆಗೆ ಬೆಳೆದಿದೆ, ಎಡಗಡೆಯದರ ರೂಪವೂ ಡಾಕ್ಟರಿಗೆ ಹಿಡಿಸಿಲ್ಲ. ಶಸ್ತ್ರಚಿಕಿತ್ಸೆ ಮಾಡುವವರನ್ನು ಹೋಗಿ ಕಾಣಬೇಕು.

ಬೆಳ್ಳುಳ್ಳಿ ಸುಲಿಯುತ್ತಿದ್ದ ವಿಂಕೊನ ಹೆಂಡತಿ ರೇಜಾ ಗಂಡನ ಮುಖವನ್ನೇ ನೋಡಿದಳು.

ವಿಂಕೊ ಹಂದಿಯ ಕಡೆ ತಿರುಗಿದ. ಹೊಟ್ಟೆಯನ್ನು ಮೇಲಿನಿಂದ ಕೆಳಗೆ ಒಂದೇ ಗೆರೆಯಲ್ಲಿ ಸೀಳಿ ಕರುಳು ಇಳಿಸಿದ. ಆಮೇಲೆ ಕೊಡಲಿ ಎತ್ತಿ ಎದೆಯ ಮೂಳೆಗೆ ಒಂದು, ಎರಡು, ಮೂರು ಏಟು ಹಾಕಿದ. ಪಕ್ಕೆಲುಬುಗಳು ಬೀರು ಬಾಗಿಲಿನಂತೆ ತೆರೆದುಕೊಂಡವು. ಒಳಗಿಂದ ಶ್ವಾಸಕೋಶಗಳನ್ನು ಕಿತ್ತು ತೆಗೆದು ದಾನಿತ್ಸಾಳ ಮೂಗಿನ ಮುಂದೆ ಹಿಡಿದ.

"ನೋಡು. ಇದಿರೋದು ಇಲ್ಲಿ. ತಲುಪೋಕೆ ಇರೋದು ಇದೊಂದೇ ದಾರಿ. ನಾನು ಐದು ಸಾವಿರ ಹಂದಿ ಕೊಯ್ದವನು, ನನಗೆ ಹೇಳ್ಬೇಡ."

"ಈಗ ಹಾಗೆ ಮಾಡಲ್ಲ ಚಿಕ್ಕಪ್ಪ. ಪಕ್ಕದಲ್ಲಿ ಸಣ್ಣ ಸಣ್ಣ ತೂತು ಮಾಡಿ, ಕ್ಯಾಮೆರಾ ಇಳಿಸಿ..."

"ತೂತು! ಪಾವೊ, ಕೇಳಿದ್ಯೇನೋ? ನನ್ನೇನು ಕೊಳಲು ಮಾಡ್ತಾರಂತಾ?"

ಪಾವೊ ನಕ್ಕ, ನಗುವಾಗ ಕೆಮ್ಮಿದ, ಕೆಮ್ಮು ನಿಂತ ಮೇಲೆ ಇನ್ನೊಂದು ಸಿಗರೇಟು ಹಚ್ಚಿದ. "ಎರಡೂ ಕಡೆ ತೆಗೆದ್ರೆ ಇವನಲ್ಲಿ ಉಳಿಯೋದೇನು ದಾನಿತ್ಸಾ? ಬರೀ ಬಾಯಿ."

"ಅದು ಹೇಗಾದ್ರೂ ಉಳಿಯುತ್ತೆ," ಎಂದಳು ರೇಜಾ. ಆದರೆ ಅವಳು ನಗಲಿಲ್ಲ.

ಮನೆಯಲ್ಲಿ ಎರಡು ದಿನ ಅದೇ ಮಾತು. ರೇಜಾ ಹೋಗೋಣ ಎಂದಳು, ವಿಂಕೊ ಆಗಲ್ಲ ಎಂದ. ಚಳಿಗಾಲ ಮುಗಿಯಲಿ ಎಂದ. ಗಂಟು ಇದ್ದರೆ ಇರಲಿ, ಬಾಡಿಗೆ ಕೇಳುತ್ತಿಲ್ಲವಲ್ಲ ಎಂದ. ಸೋಮವಾರ ಮಧ್ಯಾಹ್ನ ಅವನು ಮಾಂಸವನ್ನು ಹೊಗೆಗೆ ತೂಗುಹಾಕುವ ಹೊಗೆಮನೆಯಿಂದ ಹೊರಬಂದಾಗ ಬಟ್ಟೆ ಒಣಗಿಸುವ ಹಗ್ಗದ ಮೇಲೆ ತನ್ನ ಕರಿ ಸೂಟು ನೇತಾಡುತ್ತಿತ್ತು. ರೇಜಾ ಅದರ ಧೂಳು ಬಡಿಯುತ್ತಿದ್ದಳು.

"ಯಾರ ಮದುವೆ?"

"ಮದುವೆ ಯಾವುದೂ ಇಲ್ಲ ಮಾರಾಯ. ನೀನು ಆಪರೇಷನ್ ಬೇಡ ಅಂದ್ಯಲ್ಲ, ಅದಕ್ಕೆ ಗಾಳಿಗೆ ಹಾಕ್ದೆ. ಸೊಂಟ ಬಿಗಿ ಆಗಿರ್ಬೇಕು. ಈಗ್ಲೇ ಒಂದ್ಸಲ ಹಾಕ್ಕೊಂಡು ನೋಡು, ಹೊಲಿಗೆ ಬಿಚ್ಚಿಡ್ತೀನಿ. ಆಮೇಲೆ ಪೆಟ್ಟಿಗೇಲಿ ಮಲಗಿಸೋವಾಗ ನೆಂಟರ ಮುಂದೆ ನನಗ್ಯಾಕೆ ಅವಮಾನ?"

ವಿಂಕೊ ಬಾಯಿ ತೆರೆದ. ಸಿಗರೇಟು ಕೆಳಗೆ ಬಿತ್ತು.

ಅವನ ಭಯ ಸಾವಿನದಾಗಿರಲಿಲ್ಲ, ಅಥವಾ ಬರೀ ಸಾವಿನದಾಗಿರಲಿಲ್ಲ. ತೆರೆದ ಎದೆ ಹೇಗಿರುತ್ತದೆಂದು ಊರಲ್ಲಿ ಅವನಷ್ಟು ಬಲ್ಲವರು ಬೇರೆ ಇರಲಿಲ್ಲ. ಕಣ್ಣು ಮುಚ್ಚಿದರೆ ಮುಕ್ಕಾಲಿಯಲ್ಲಿ ತಾನೇ ತಲೆಕೆಳಗಾಗಿ ತೂಗುತ್ತಿರುವಂತೆ ಕಾಣುತ್ತಿತ್ತು. ಇದನ್ನು ಹೆಂಡತಿಗೆ ಹೇಳುವುದು ಹೇಗೆ? ಹೇಳುವ ಬದಲು, ತೂತಿನ ಆಪರೇಷನ್ ಎನ್ನುವುದು ಸುಳ್ಳೆಂದು ಎಲ್ಲರ ಮುಂದೆ ತೋರಿಸಿಬಿಡುತ್ತೇನೆ ಎಂದುಕೊಂಡ.

ಮುಂದಿನ ಶನಿವಾರ ವಿಧವೆ ಕಾತಕ್ಕನ ಮನೆಯಲ್ಲಿ ಹಂದಿ. ವಿಂಕೊ ಚಾಕುಗಳ ಜೊತೆಗೆ ಮಾಂಸ ಸುಡುವ ಉದ್ದನೆಯ ಇಕ್ಕಳವನ್ನೂ ತಂದಿದ್ದ. ಹಂದಿಯನ್ನು ತೂಗುಹಾಕಿದ ಮೇಲೆ ಹೊಟ್ಟೆ ಸೀಳುವ ಬದಲು ಪಕ್ಕೆಲುಬಿನ ನಡುವೆ ಎರಡು ಕಡೆ ಚಾಕು ತೂರಿಸಿದ.

"ಏಯ್, ಏನ್ ಮಾಡ್ತಿದೀಯೋ?" ಎಂದು ಕಾತಕ್ಕ ಅಡುಗೆಮನೆಯಿಂದ ಓಡಿಬಂದಳು.

"ಸುಮ್ನಿರು ಕಾತಕ್ಕ. ಇದು ವಿಜ್ಞಾನ."

"ನನ್ನ ಹಂದೀಲಿ ಯಾಕೋ ವಿಜ್ಞಾನ? ನಿನ್ನ ಹಂದಿ ಇಲ್ವಾ?"

ಪಾವೊ ಮೊಬೈಲಿನ ದೀಪ ಹಚ್ಚಿ ಒಂದು ತೂತಿಗೆ ಹಿಡಿದ. ವಿಂಕೊ ಇನ್ನೊಂದರಲ್ಲಿ ಇಕ್ಕಳ ಇಳಿಸಿದ. ಏನಾದರೂ ಕಾಣುತ್ತಿದೆಯೇ ಎಂದು ಕೇಳಿದ. ಕಾಣುತ್ತಿದೆ, ಕತ್ತಲೆ ಚೆನ್ನಾಗಿ ಕಾಣುತ್ತಿದೆ ಎಂದ ಪಾವೊ. ಅಕ್ಕಪಕ್ಕದವರೆಲ್ಲ ಸುತ್ತ ನೆರೆದರು. ರೇಜಾಳ ಜೊತೆ ಬಂದಿದ್ದ ದಾನಿತ್ಸಾ ಕೈಕಟ್ಟಿ ನಿಂತು ನೋಡುತ್ತಿದ್ದಳು. ವಿಂಕೊ ಇಕ್ಕಳವನ್ನು ಅತ್ತ ತಿರುಗಿಸಿದ, ಇತ್ತ ತಿರುಗಿಸಿದ, ಏನೋ ಮೆತ್ತಗೆ ಸಿಕ್ಕಿತು.

"ಹಿಡಿದೆ! ನೋಡ್ರಿ, ಈಗ ಎಳೀತೀನಿ. ಬಂದ್ರೆ ನಾನು ನಾಳೇನೇ ಆಸ್ಪತ್ರೆಗೆ ಹೋಗ್ತೀನಿ!"

ಎಳೆದ. ಬಂದದ್ದು ಕಡುಹಸಿರು ನೀರು. ಪಕ್ಕೆಲುಬಿನ ಸಂದಿಯಿಂದ ಚಿಮ್ಮಿ ಅವನ ತೋಳಿನ ಮೇಲೆ, ಪಾವೊನ ಮೊಬೈಲಿನ ಮೇಲೆ ಹರಿಯಿತು. ಪಿತ್ತಕೋಶ ಒಡೆದಿತ್ತು.

ಹಂದಿ ಕೊಯ್ಯುವವನ ಕೈಯಲ್ಲಿ ಪಿತ್ತ ಒಡೆಯುವುದೆಂದರೆ ಪೂಜೆಗೆ ನಿಂತ ಪಾದ್ರಿಗೆ ಪ್ರಾರ್ಥನೆಯೇ ಮರೆತುಹೋದಂತೆ. ಒಮ್ಮೆ ಒಡೆದರೆ ಲಿವರ್ ಕಹಿಯಾಗಿ ನಾಯಿಗೂ ಬೇಡವಾಗುತ್ತದೆ. ವಿಂಕೊನ ಕೈಯಲ್ಲಿ ಅಂದಿನವರೆಗೆ ಪಿತ್ತ ಒಡೆದಿರಲಿಲ್ಲ. ಯಾರೂ ನಗಲಿಲ್ಲ. ನಕ್ಕಿದ್ದರೇ ವಾಸಿಯಿತ್ತು.

ಕೊನೆಗೆ ಅವನೇ ಗಂಟಲು ಸರಿಮಾಡಿಕೊಂಡ. "ನೋಡಿದ್ರಲ್ಲ, ಆಗಲ್ಲ. ತೂತಿನಿಂದ ಆಗಲ್ಲ ಅಂತ ಸಾಬೀತಾಯ್ತು."

ಕಾತಕ್ಕ ಸೊಂಟದ ಮೇಲೆ ಕೈಯಿಟ್ಟಳು. "ನಿನಗೆ ಆಗಲ್ಲ ಅಂತ ಸಾಬೀತಾಯ್ತು ಕಣೋ ಮುಟ್ಠಾಳ! ನಮ್ಮಪ್ಪ ಅಕಾರ್ಡಿಯನ್ ಎತ್ಕೊಂಡ್ರೆ ಕೋಳಿ ಮೊಟ್ಟೆ ಇಡೋದು ನಿಲ್ಲಿಸ್ತಿತ್ತು. ಹಾಗಂತ ಅಕಾರ್ಡಿಯನ್ ಬಾರಿಸೋಕೇ ಆಗಲ್ಲ ಅಂತ ಯಾರಾದ್ರೂ ಅಂದ್ರಾ? ಅವರು ಅದನ್ನ ಓದಿರ್ತಾರೆ, ಕಲ್ತಿರ್ತಾರೆ. ನೀನು ಮಾಂಸ ಸುಡೋ ಇಕ್ಕಳ ತಂದಿದೀಯ!"

ಈಗ ನಗು ಬಂತು. ವಿಂಕೊನನ್ನು ಬಿಟ್ಟು ಎಲ್ಲರಿಗೂ.

ದಾನಿತ್ಸಾ ಹತ್ತಿರ ಬಂದು ಅವನಿಗೆ ಒದ್ದೆ ಬಟ್ಟೆ ಕೊಟ್ಟಳು. "ಚಿಕ್ಕಪ್ಪ, ಹೇಗೆ ಮಾಡ್ತಾರೆ ಅಂತ ಪೂರ್ತಿ ನನಗೂ ಗೊತ್ತಿಲ್ಲ. ನಾನು ಸೂಜಿ ಚುಚ್ಚೋಳು. ಮಾಡೋರನ್ನೇ ಹೋಗಿ ಕೇಳಿ. ಕೇಳಿದ ಮಾತ್ರಕ್ಕೆ ಅವರೇನೂ ಕೊಯ್ಯಲ್ಲ. ಕೇಳಿ ಬಂದು ಆಮೇಲೂ ಬೇಡ ಅನ್ನಿ, ನಾನು ಇನ್ನು ಬಾಯಿ ಬಿಡಲ್ಲ."

ಬುಧವಾರ ವಿಂಕೊ ರೇಜಾಳ ಜೊತೆ ಆಸ್ಪತ್ರೆಗೆ ಹೋದ. ಹೇಗೂ ಗಾಳಿಗೆ ಹಾಕಿದ್ದಾಳಲ್ಲ ಎಂದು ಕರಿ ಸೂಟು ತೊಟ್ಟೇ ಹೋದ. ಸೊಂಟ ನಿಜಕ್ಕೂ ಬಿಗಿಯಾಗಿತ್ತು.

ಶಸ್ತ್ರವೈದ್ಯೆ ಡಾಕ್ಟರ್ ಬಿಲಿಚ್ ನೋಡಲು ಶಾಲೆಯ ಹುಡುಗಿಯಂತಿದ್ದರು. ವಿಂಕೊ ನಮಸ್ಕಾರ ಹೇಳುವುದನ್ನೂ ಮರೆತು ಅವರ ಕೈಗಳನ್ನೇ ನೋಡಿದ.

"ಡಾಕ್ಟರೇ, ತಪ್ಪು ತಿಳೀಬೇಡಿ. ಇಷ್ಟು ಸಣ್ಣ ಕೈಯಲ್ಲಿ ಪಕ್ಕೆಲುಬು ಹೇಗೆ ಅಗಲಿಸ್ತೀರಿ?"

"ಅಗಲಿಸೋದೇ ಇಲ್ಲ. ಪಕ್ಕೆಲುಬುಗಳ ಮಧ್ಯೆ ಎರಡೋ ಮೂರೋ ಸಣ್ಣ ತೂತು ಮಾಡ್ತೀವಿ. ಒಂದರಲ್ಲಿ ಪೆನ್ಸಿಲಿನಷ್ಟು ದಪ್ಪದ ಕ್ಯಾಮೆರಾ. ಒಳಗಿನದೆಲ್ಲ ಟಿ.ವಿ.ಯಲ್ಲಿ ದೊಡ್ಡದಾಗಿ ಕಾಣುತ್ತೆ. ಇನ್ನೊಂದರಲ್ಲಿ ಉದ್ದನೆಯ ಉಪಕರಣ."

"ನಾನೂ ಮಾಡಿ ನೋಡ್ದೆ."

"ಏನು ಮಾಡಿ ನೋಡಿದ್ರಿ?"

ವಿಂಕೊ ತಲೆತಗ್ಗಿಸಿ ಕಾತಕ್ಕನ ಹಂದಿಯ ಕಥೆ ಹೇಳಿದ. ರೇಜಾ ಕಿಟಕಿಯ ಹೊರಗೆ ನೋಡಿದಳು. ಡಾಕ್ಟರ್ ನಗದೆ ಕೇಳಿಸಿಕೊಂಡು, "ಯಾವ ಸಂದಿಯಿಂದ ಇಳಿಸಿದ್ರಿ? ನಿಮ್ಮ ಮೈಮೇಲೆ ತೋರಿಸಿ," ಎಂದರು.

ಅವನು ಬಲಗಡೆ ಬೆರಳಿಟ್ಟು ತೋರಿಸಿದ.

"ಅಷ್ಟು ಕೆಳಗಾ! ಅಲ್ಲಿ ಚುಚ್ಚಿದ್ರೆ ಇಕ್ಕಳ ಎದೆಗೆ ಹೋಗಲ್ಲ, ಹೊಟ್ಟೆಗೆ ಹೋಗುತ್ತೆ. ಪಿತ್ತಕೋಶ ಒಡೆದಿರಬೇಕಲ್ಲ?"

ವಿಂಕೊ ಕುರ್ಚಿಯಲ್ಲಿ ನೆಟ್ಟಗೆ ಕುಳಿತ. ಪಿತ್ತದ ವಿಷಯವನ್ನು ಅವನು ಬೇಕೆಂದೇ ಹೇಳಿರಲಿಲ್ಲ. ಹಂದಿಯನ್ನು ಕಣ್ಣಿಂದಲೂ ನೋಡದೆ, ಸಂದಿ ತೋರಿಸಿದೊಡನೆ ಒಡೆದದ್ದು ಯಾವುದೆಂದು ಈ ಹುಡುಗಿ ಹೇಳಿಬಿಟ್ಟಿದ್ದಳು. ಒಳಗಿನ ದಾರಿ ಇವಳಿಗೆ ಗೊತ್ತು ಎಂದು ಅವನಿಗೆ ಆ ಕ್ಷಣ ಖಾತ್ರಿಯಾಯಿತು.

ಅಲ್ಲಿಂದ ಮುಂದಿನ ಮಾತು ಸಂತೆಯಲ್ಲಿ ಕುದುರೆ ನೋಡುವವರ ಮಾತಿನಂತೆ ನಡೆಯಿತು. ಎರಡೂ ಕಡೆ ಇದ್ದರೆ ಉಸಿರಿನ ಗತಿಯೇನು ಎಂದು ಅವನು ಕೇಳಿದ.

"ಒಂದು ಕಡೆ ಕೆಲಸ ಮಾಡುವಾಗ ಆ ಕಡೆ ಶ್ವಾಸಕೋಶಕ್ಕೆ ರಜೆ. ಇನ್ನೊಂದು ಉಸಿರಾಡ್ತಾ ಇರುತ್ತೆ."

"ಜೋಡಿ ಕುದುರೆ ಗಾಡೀಲಿ ಒಂದನ್ನ ಬಿಚ್ಚಿ ನಿಲ್ಲಿಸಿದ ಹಾಗೆ."

"ಹಾಗೇ. ಕೆಲವರಿಗೆ ಎರಡೂ ಕಡೆ ಒಂದೇ ಸಲಕ್ಕೆ ಮಾಡ್ತೀವಿ. ನೀವು ನಲವತ್ತು ವರ್ಷ ಸೇದಿದೀರಿ, ನಿಮಗೆ ಆತುರ ಬೇಡ. ಮೊದಲು ಬಲಗಡೆ. ಚೇತರಿಸಿಕೊಂಡ ಮೇಲೆ ಎಡಗಡೆ. ಇಡೀ ಶ್ವಾಸಕೋಶ ತೆಗೆಯಲ್ಲ. ಗಂಟು ಇರೋ ಭಾಗ, ಅದರ ಸುತ್ತ ಸ್ವಲ್ಪ, ಅಷ್ಟೇ."

"ಎಲ್ಲರ ಗಂಟೂ ತೆಗೀತೀರಾ?"

"ಇಲ್ಲ. ಸಣ್ಣ ಗಂಟುಗಳಲ್ಲಿ ಹೆಚ್ಚಿನವು ನಿರುಪದ್ರವಿ. ಹಳೇ ಸೋಂಕಿನ ಗುರುತು, ಅಂಥದ್ದು. ಆಗಾಗ ಸ್ಕ್ಯಾನ್ ಮಾಡಿ ನೋಡ್ತಿದ್ರೆ ಸಾಕು. ನಿಮ್ಮದು ಬೆಳೀತಾ ಇದೆ. ಅದಕ್ಕೆ ಕಾಯೋದು ಬೇಡ ಅಂತೀನಿ."

"ತೂತಿನಿಂದಲೇ ಆಗುತ್ತೆ ಅಂತ ಮಾತು ಕೊಡ್ತೀರಾ?"

"ಕೊಡಲ್ಲ. ರಕ್ತ ನಿಲ್ಲದಿದ್ರೆ, ಒಳಗೆ ಅಂಟಿಕೊಂಡಿದ್ರೆ, ದೊಡ್ಡದಾಗಿ ತೆರೆಯಬೇಕಾಗಬಹುದು. ಅಪರೂಪ. ಆದ್ರೆ ಆಗೋದೇ ಇಲ್ಲ ಅಂದ್ರೆ ಸುಳ್ಳಾಗುತ್ತೆ."

ವಿಂಕೊ ಹೆಂಡತಿಯ ಕಡೆ ತಿರುಗಿದ. "ಕೇಳಿದ್ಯಾ? ಕೆಡಬಹುದು ಅಂತ ಬಾಯಿಬಿಟ್ಟು ಹೇಳ್ತಾರೆ. ನಾನು ಯಾವ ಮನೇಲೂ ಹೀಗೆ ಹೇಳಿದವನಲ್ಲ."

"ಗೊತ್ತು. ಕಾತಕ್ಕಂಗೂ ಗೊತ್ತು."

"ಇನ್ನೊಂದು ಮಾತು," ಎಂದರು ಡಾಕ್ಟರ್. "ಸಿಗರೇಟು ಇವತ್ತಿಂದ ಇಲ್ಲ."

"ದಿನಕ್ಕೊಂದು?"

"ಇಲ್ಲ."

"ಹೊಗೆಮನೇಲಿ ಮಾಂಸ ನೋಡ್ಕೊಳ್ಳೋಕೆ ಹೋಗ್ತೀನಲ್ಲ, ಆ ಹೊಗೆ?"

"ಅದನ್ನ ರೇಜಾ ಅವರು ನೋಡ್ಕೋತಾರೆ, ಹೊರಗಡೆ ನಿಂತು."

ಜನವರಿಯಲ್ಲಿ ಬಲಗಡೆಯ ಆಪರೇಷನ್ ಆಯಿತು. ಎಚ್ಚರವಾದಾಗ ವಿಂಕೊ ಮೊದಲು ಮಾಡಿದ್ದು ಎದೆಯ ಮಧ್ಯದ ಮೂಳೆಯನ್ನು ಮೇಲಿಂದ ಕೆಳಗೆ ತಡವಿ ನೋಡಿದ್ದು. ಬಿರುಕಿಲ್ಲ. ಆಮೇಲೆ ಪಕ್ಕೆ ತಡವಿದ. ಅಲ್ಲಿ ಪಟ್ಟಿಗಳಿದ್ದವು, ಒಂದು ಕೊಳವೆ ಹೊರಬಂದು ಮಂಚದ ಕೆಳಗಿನ ಡಬ್ಬಿಗೆ ಇಳಿದಿತ್ತು. ಡಬ್ಬಿಯೊಳಗೆ ನೀರು ಗುಳುಗುಳು ಎನ್ನುತ್ತಿತ್ತು.

"ಸಿಸ್ಟರ್, ನನ್ನಿಂದ ಬ್ರಾಂದಿ ಬಟ್ಟಿ ಇಳಿಸ್ತಿದೀರಾ?"

"ಗಾಳಿ ತೆಗೀತಿದೀವಿ ಅಜ್ಜಾ. ಒಂದೆರಡು ದಿನದಲ್ಲಿ ಕೊಳವೆ ತೆಗೀತಾರೆ. ಈಗ ಎದ್ದು ನಾಲ್ಕು ಹೆಜ್ಜೆ ಹಾಕಿ."

"ಈಗ್ಲೇ? ಇವತ್ತು ತಾನೇ ಕೊಯ್ದಿದೀರಿ!"

"ಅದಕ್ಕೇ. ಮಲಗಿದ್ರೆ ಕಫ ಕಟ್ಟುತ್ತೆ."

ನೋವಿರಲಿಲ್ಲ ಎಂದರೆ ಸುಳ್ಳಾದೀತು. ಕೆಮ್ಮಿದರೆ ಪಕ್ಕೆಯಲ್ಲಿ ಯಾರೋ ಗುದ್ದಿದಂತಾಗುತ್ತಿತ್ತು. ದಿಂಬನ್ನು ಎದೆಗವಚಿಕೊಂಡು ಕೆಮ್ಮಲು ಕಲಿಸಿದರು. ಅವನು ಅದನ್ನು ಅಪ್ಪಿಕೊಂಡು ಕೂತದ್ದನ್ನು ಕಂಡು ರೇಜಾ, "ನನ್ನನ್ನ ಇಷ್ಟು ಪ್ರೀತಿಯಿಂದ ಹಿಡಿದು ಎಷ್ಟು ವರ್ಷ ಆಯ್ತೋ," ಎಂದಳು. ವಾರ ತುಂಬುವ ಮೊದಲೇ ಮನೆಗೆ ಬಂದ. ಭಾರ ಎತ್ತುವಂತಿಲ್ಲ, ಕೊಡಲಿ ಹಿಡಿಯುವಂತಿಲ್ಲ. ಮಾರ್ಚಿನಲ್ಲಿ ಎಡಗಡೆಯದೂ ಅದೇ ರೀತಿ ಮುಗಿಯಿತು. ಎರಡೂ ಕ್ಯಾನ್ಸರಿನ ಮೊದಲ ಮೆಟ್ಟಿಲಿನಲ್ಲಿದ್ದವು, ಬೇರೆಲ್ಲೂ ಹರಡಿರಲಿಲ್ಲ. ಬೇರೆ ಔಷಧಿ ಬೇಡ, ಆದರೆ ಸ್ಕ್ಯಾನಿಗೆ ತಪ್ಪದೆ ಬರುತ್ತಿರಬೇಕು ಎಂದರು. ಇನ್ನೆರಡು ವರ್ಷ ಸುಮ್ಮನಿದ್ದಿದ್ದರೆ ಏನಾಗುತ್ತಿತ್ತು ಎಂದು ರೇಜಾ ಕೇಳಿದಳು. ಆಗ ನಾವು ಬೇರೆ ಮಾತು ಆಡಬೇಕಾಗುತ್ತಿತ್ತು ಎಂದಷ್ಟೇ ಹೇಳಿದರು ಡಾಕ್ಟರ್.

ಈ ನಡುವೆ ವಿಂಕೊನ ಮನೆಯ ಎರಡು ಹಂದಿಗಳನ್ನು ಕೊಯ್ದುಕೊಟ್ಟವನು ಪಾವೊ. ವಿಂಕೊ ಕುರ್ಚಿಯಲ್ಲಿ ಕಂಬಳಿ ಹೊದ್ದು ಕೂತು, ಕೊಡಲಿ ಹೀಗೆ ಹಿಡಿ, ಹಾಗೆ ಹಿಡಿ, ಕತ್ತೆ ಎಂದು ದಿನವಿಡೀ ಕೂಗಿದ್ದ. ಅಷ್ಟು ಕೂಗಿದರೂ ಏದುಸಿರು ಬರಲಿಲ್ಲ ಎಂಬುದನ್ನು ಊರವರೆಲ್ಲ ಗಮನಿಸಿದ್ದರು. ಈ ಕಡೆಯ ಊರುಗಳಲ್ಲಿ ಇಂಥ ಕೆಲಸಕ್ಕೆ ಕೂಲಿ ಕೊಡುವ ಪದ್ಧತಿಯಿಲ್ಲ. ನೀನು ನನಗೊಂದು ದಿನ ಕೊಟ್ಟರೆ ನಾನು ನಿನಗೊಂದು ದಿನ ಕೊಡಬೇಕು, ಅಷ್ಟೇ.

ಪ್ಲಮ್ ಗಿಡಗಳು ಹೂಬಿಟ್ಟ ಮೇಲೆ ಒಂದು ಬೆಳಗ್ಗೆ ವಿಂಕೊ ಪಾವೊನ ಗೇಟಿನ ಮುಂದೆ ಕಾರು ನಿಲ್ಲಿಸಿ ಹಾರನ್ ಹೊಡೆದ. ಪಾವೊ ಸಿಗರೇಟು ಕಚ್ಚಿಕೊಂಡೇ ಹೊರಬಂದ.

"ಏನೋ?"

"ನಿನಗೊಂದು ದಿನ ಕೊಡಬೇಕಲ್ಲ, ಕೊಡೋಕೆ ಬಂದೆ."

"ಈಗ ಯಾವ ಕೆಲಸ ಇದೆಯೋ? ಮುಂದಿನ ಚಳಿಗಾಲ ನೋಡೋಣ."

"ಮುಂದಿನ ಚಳಿಗಾಲಕ್ಕೆ ನೀನಿರ್ತೀಯ ಅಂತ ಯಾರು ಹೇಳಿದ್ರು? ನನಗೆ ಸತ್ತವರ ಸಾಲ ಹೊತ್ಕೊಂಡು ತಿರುಗೋಕೆ ಆಗಲ್ಲ. ಹತ್ತು. ಸ್ಕ್ಯಾನಿಗೆ ಹೆಸರು ಬರೆಸಿದೀನಿ."

"ನನ್ನ ಹೆಸರಾ? ಯಾರನ್ನ ಕೇಳಿ?"

"ನಿನ್ನ ಹೆಂಡ್ತೀನ ಕೇಳಿ. ಅವಳು ನಿನ್ನ ಕರಿ ಸೂಟು ಹುಡುಕ್ತಾ ಇದ್ಲು."

ಪಾವೊ ಮನೆಯ ಕಡೆ ತಿರುಗಿ ನೋಡಿದ. ಅಡುಗೆಮನೆಯ ಕಿಟಕಿಯ ಪರದೆ ಸರಕ್ಕನೆ ಮುಚ್ಚಿಕೊಂಡಿತು. "ನನಗೇನೂ ಆಗಿಲ್ಲ. ಕೆಮ್ಮು ಬಿಟ್ರೆ."

"ನನಗೆ ಕೆಮ್ಮೂ ಇರ್ಲಿಲ್ಲ ಕಣೋ."

ಪಾವೊ ಅರ್ಧ ಸೇದಿದ ಸಿಗರೇಟನ್ನು ಬೇಲಿಯ ಗೂಟಕ್ಕೆ ಒತ್ತಿ ಆರಿಸಿ, ಬಾಯಲ್ಲಿ ಬಂದದ್ದೆಲ್ಲ ಬೈಯುತ್ತ ಕಾರು ಹತ್ತಿದ. ದಾರಿಯುದ್ದಕ್ಕೂ ಬೈದ. ಸ್ಕ್ಯಾನು ಮುಗಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ, ಆದರೆ ಸರದಿಗೆ ಕಾಯುವುದಕ್ಕೆ, ಕಾಗದ ಪತ್ರಕ್ಕೆ, ಮತ್ತೆ ಪಾವೊ ಎರಡು ಸಲ ಓಡಿಹೋಗಲು ನೋಡಿದ್ದಕ್ಕೆ ಇಡೀ ದಿನ ಹಿಡಿಯಿತು. ವಿಂಕೊ ಬೆಂಚಿನ ಮೇಲೆ ಅವನ ತೋಳು ಹಿಡಿದು ಕೂತಿದ್ದ. ಹೊತ್ತು ಮುಳುಗುವಾಗ ಅವನನ್ನು ಮನೆಗೆ ತಂದು ಇಳಿಸಿದ.

"ದಿನಕ್ಕೆ ದಿನ ಸರಿಹೋಯ್ತು ಪಾವೊ. ಇನ್ನು ನಿನಗೂ ನನಗೂ ಏನೂ ಬಾಕಿ ಇಲ್ಲ."

ಪಾವೊ ಗೇಟಿಗೆ ಒರಗಿ ನಿಂತ. "ಸ್ಕ್ಯಾನಿನ ಉತ್ತರ ಬಂದಾಗ ಒಬ್ಬನೇ ಹೋಗೋಕೆ ನನಗೆ ಭಯ ಆಗುತ್ತೆ," ಎಂದ. "ಬರ್ತೀಯಾ? ನನ್ನ ಲೆಕ್ಕಕ್ಕೆ ಹೊಸದಾಗಿ ಒಂದು ದಿನ ಬರ್ಕೋ."

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲಿ ವರ್ಷಗಟ್ಟಲೆ ಬೀಡಿಯೋ ಸಿಗರೇಟೋ ಸೇದಿದ, ಐವತ್ತು ದಾಟಿದ ಯಾರಾದರೂ ಇದ್ದಾರೆಯೇ? ನನಗೇನಾಗಿದೆ ಎಂದು ಅವರು ಕೇಳಿದರೆ, ವಿಂಕೊನಿಗೆ ಕೆಮ್ಮೂ ಇರಲಿಲ್ಲ ಎಂದು ಹೇಳಿ. ಎದೆಯ ಸ್ಕ್ಯಾನ್ ಬೇಕೇ ಎಂದು ವೈದ್ಯರನ್ನು ಕೇಳಿ. ಗಂಟು ಕಂಡಿತೆಂದು ಹೆದರಬೇಡಿ, ಎಲ್ಲ ಗಂಟೂ ಕ್ಯಾನ್ಸರಲ್ಲ. ಮತ್ತೆ ಬನ್ನಿ ಎಂದಾಗ ಹೋಗದೆ ಇರಬೇಡಿ. ಆಪರೇಷನ್ ಬೇಕೆಂದರೆ, ಸಣ್ಣ ತೂತಿನಿಂದ ಆಗುತ್ತದೆಯೇ, ಎರಡೂ ಕಡೆ ಇದ್ದರೆ ಹೇಗೆ, ಏನು ಕೆಡಬಹುದು ಎಂದು ಮಾಡುವವರನ್ನೇ ಬಾಯಿಬಿಟ್ಟು ಕೇಳಿ. ಕೈಯಲ್ಲಿರುವ ಬೀಡಿಯನ್ನು ಇವತ್ತೇ ಆರಿಸಿ. ಆಮೇಲೆ ನಿಮ್ಮ ಬೇಲಿಯಾಚೆ ನೋಡಿ. ನಿಮ್ಮ ಕಷ್ಟಕ್ಕೆ ಒಂದು ದಿನ ಕೊಟ್ಟವರು ಅಲ್ಲಿ ಯಾರೋ ಕೆಮ್ಮುತ್ತ ನಿಂತಿರಬಹುದು. ಹೋಗಿ ಅವರ ಗೇಟಿನ ಮುಂದೆ ಹಾರನ್ ಹೊಡೆಯಿರಿ.